ಘಟ್ಟ ಹತ್ತೋಕೆ, ಪೇಟೆ ಸುತ್ತೋಕೆ ಯಾವ ಗೇರಿನ ಸೈಕಲ್? ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ ಕಡೆಯವ್ರು, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದವ್ರು ಸೈಕಲ್ ತಗೊಳ್ಳೋ ಮುಂಚೆ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ರೇಸ್ ಓಡೋರಿಗೆ ಇದ್ರಲ್ಲಿ ಏನೂ ಸಿಗೋದಿಲ್ಲ. ಕೆಲ್ಸಕ್ಕೆ, ಕಾಲೇಜಿಗೆ, ತೋಟಕ್ಕೆ ಸೈಕಲ್ ಹೊಡೆಯೋರು, ಭಾನುವಾರ ಒಂದ್ಸಲ ಕುಮಟಾ-ಶಿರಸಿ ನಡುವಿನ ದೇವಿಮನೆ ಘಟ್ಟ ಹತ್ತಿ ನೋಡೇಬಿಡೋಣ ಅನ್ನೋರು, ಅವ್ರಿಗೆ ಅಂತ ಬರೆದದ್ದು.

21 ಗೇರ್ ಬೇಕಾ, 7 ಸಾಕಾ? 24 ಇದ್ರೆ ಇನ್ನೂ ಒಳ್ಳೇದಲ್ವಾ?

ಗೇರ್ ಎಷ್ಟಿದೆ ಅಂತ ಎಣಿಸೋದು ಮೊದ್ಲು ಬಿಡಿ ಮಾರಾಯ್ರೆ. ಅಂಗಡಿಲಿ ಸ್ಟಿಕ್ಕರ್ ಮೇಲೆ ದೊಡ್ಡದಾಗಿ ಬರೆದಿರ್ತಾರೆ ಅಂತ ನಾವೂ ಅದನ್ನೇ ನೋಡ್ತೇವೆ, ಆದ್ರೆ ಅದು ಹೇಳೋದು ಬರೀ ಮುಂದೆ ಪೆಡಲ್ ಹತ್ರ ಇರೋ ಹಲ್ಲಿನ ಚಕ್ರಗಳ ಸಂಖ್ಯೆನ ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಸಂಖ್ಯೆಯಿಂದ ಗುಣಿಸಿದ ಲೆಕ್ಕ, 3 ಗುಣಿಲೆ 7, ಅಷ್ಟೇ. ಸಾಮಾನ್ಯ 21 ಗೇರ್ ಸೈಕಲ್ಲಿನಲ್ಲಿ ಮುಂದೆ 42, 34, 24 ಹಲ್ಲು, ಹಿಂದೆ 14ರಿಂದ 28 ಹಲ್ಲು ಇರ್ತದೆ. ಈಗ ಲೆಕ್ಕ ಹಾಕಿ: ಮುಂದೆ 42 ಹಿಂದೆ 24 ಹಾಕಿದ್ರೆ 1.75, ಮುಂದೆ 34 ಹಿಂದೆ 20 ಹಾಕಿದ್ರೆ 1.7, ಮುಂದೆ 24 ಹಿಂದೆ 14 ಹಾಕಿದ್ರೆ 1.71. ಮೂರೂ ಒಂದೇ ಗೇರ್, ಕಾಲಿಗೆ ವ್ಯತ್ಯಾಸನೇ ಗೊತ್ತಾಗೋದಿಲ್ಲ, ಆದ್ರೆ ಸ್ಟಿಕ್ಕರ್ ಮೇಲೆ ಅದು ಮೂರು ಅಂತ ಲೆಕ್ಕ ಆಗಿದೆ. ಹಂಗೆ ಒಂದ್ರ ಮೇಲೊಂದು ಬರೋದನ್ನ, ಚೈನ್ ಅಡ್ಡಡ್ಡ ಆಗಿ ಉಪಯೋಗಕ್ಕೆ ಬಾರದ್ದನ್ನ ಕಳೆದ್ರೆ 21ರಲ್ಲಿ ಬೇರೆ ಬೇರೆ ಅಂತ ಉಳಿಯೋದು ಹನ್ನೆರಡೋ ಹದಿಮೂರೋ.

ಹಂಗಾದ್ರೆ ನೋಡ್ಬೇಕಾದ್ದು ಏನು?

ಅತಿ ಸಣ್ಣ ಗೇರ್. ಮುಂದಿನ ಅತಿ ಸಣ್ಣ ಚಕ್ರದ ಹಲ್ಲು ಎಣಿಸಿ, ಹಿಂದಿನ ಅತಿ ದೊಡ್ಡದ್ರ ಹಲ್ಲು ಎಣಿಸಿ, ಮೊದಲನೇದನ್ನ ಎರಡನೇದ್ರಿಂದ ಭಾಗಿಸಿ. ಬರೋ ಸಂಖ್ಯೆ 1ಕ್ಕಿಂತ ಕಡ್ಮೆ ಇದ್ರೆ ನಮ್ಮ ಘಟ್ಟಕ್ಕೆ ಆಗ್ತದೆ, 1 ಇದ್ರೆ ಗಟ್ಟಿ ಕಾಲಿನವ್ರಿಗೆ ಆಗ್ತದೆ, 1.2 ದಾಟಿದ್ರೆ ಬಯಲುಸೀಮೆಯವ್ರಿಗೆ ಬಿಟ್ಟುಬಿಡಿ. ಹಲ್ಲಿನ ಸಂಖ್ಯೆ ತುಂಬಾ ಸಲ ಚಕ್ರದ ಮೇಲೇ ಸಣ್ಣಕ್ಷರದಲ್ಲಿ ಕೆತ್ತಿರ್ತಾರೆ, ಇಲ್ದಿದ್ರೆ ಚಾಕ್‌ಪೀಸಲ್ಲಿ ಒಂದು ಹಲ್ಲಿಗೆ ಗುರುತು ಮಾಡಿ ಎಣಿಸಿ, ಅಂಗಡಿಯವ್ರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ.

ಇನ್ನೂ ಸರಿಯಾಗಿ ಗೊತ್ತಾಗ್ಬೇಕು ಅಂದ್ರೆ ಆ ಸಂಖ್ಯೆನ ಟೈರಿನ ಸುತ್ತಳತೆಯಿಂದ ಗುಣಿಸಿ. ಪೆಡಲ್ ಒಂದು ಸುತ್ತು ಹಾಕಿದ್ರೆ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗ್ತದೆ ಅನ್ನೋದು ಬರ್ತದೆ. 26 ಇಂಚಿನ ಎಂಟಿಬಿ (ಗುಡ್ಡಗಾಡಿನ ದಪ್ಪ ಟೈರಿನ ಸೈಕಲ್) ಟೈರಿಗೆ ಸುತ್ತಳತೆ ಸುಮಾರು 2.05 ಮೀಟರ್, ಎಂಟಿಬಿಗೂ ರೋಡ್ ಬೈಕಿಗೂ ನಡುವಿನ ಹೈಬ್ರಿಡ್‌ನ 700ಸಿ ಅಳತೆಯ ಟೈರಿಗೆ ಸುಮಾರು 2.15, ನಮ್ಮ ಅಜ್ಜಂದಿರ ಕಾಲದ 28 ಇಂಚಿನ ದೊಡ್ಡ ಸೈಕಲ್ಲಿಗೆ 2.2 ಹತ್ರ. ಹಂಗಾಗಿ 24 ಭಾಗಿಸು 28 ಇರೋ ಎಂಟಿಬಿ ಒಂದು ಸುತ್ತಿಗೆ 1.76 ಮೀಟರ್ ಹೋಗ್ತದೆ. ಈ ಒಂದು ಅಂಕಿ ಸಾಕು, ಯಾವ ಸೈಕಲ್ಲನ್ನ ಬೇಕಾದ್ರೂ ಇನ್ನೊಂದರ ಜೊತೆ ಹೋಲಿಸಬಹುದು.

ದೇವಿಮನೆ ಘಟ್ಟ ಹತ್ತೋಕೆ ಎಷ್ಟು ಸಣ್ಣ ಗೇರ್ ಬೇಕು?

ಕುಮಟಾ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿ. ದೂರ 60 ಕಿ.ಮೀ. ಆಸುಪಾಸು ಅಂದ್ಕೊಂಡ್ರೆ ಸರಾಸರಿ ಏರು ಏನೂ ಅಲ್ಲ ಅನ್ನಿಸ್ತದೆ, ಆದ್ರೆ ಹಂಗೆ ಸರಾಸರಿ ತೆಗೆದು ಹೊರಟವ್ರೇ ಕತಗಾಲ ದಾಟಿ ತಿರುವು ಶುರುವಾದ್ಮೇಲೆ ಇಳಿದು ತಳ್ಳೋದು, ಯಾಕಂದ್ರೆ ಎತ್ತರದ ಬಹುಪಾಲು ಘಟ್ಟದ ಆ ಕೆಲವೇ ಕಿಲೋಮೀಟರಿನಲ್ಲಿ ತುಂಬ್ಕೊಂಡಿದೆ.

ಲೆಕ್ಕ ನೋಡಿ. ನೀವು, ಸೈಕಲ್ಲು, ನೀರಿನ ಬಾಟ್ಲಿ, ಚೀಲ ಎಲ್ಲ ಸೇರಿ 90 ಕೆ.ಜಿ. ಅಂತ ಇಟ್ಕೊಳ್ಳಿ. 6 ಪರ್ಸೆಂಟ್ ಏರು, ಅಂದ್ರೆ 100 ಮೀಟರ್ ಹೋದ್ರೆ 6 ಮೀಟರ್ ಮೇಲೆ. ರೂಢಿ ಇಲ್ಲದ ಸಾಮಾನ್ಯ ಮನುಷ್ಯ ಒಂದು ಗಂಟೆ ಹೊತ್ತು ಸುಸ್ತಾಗದೆ ಕೊಡಬಹುದಾದ ಶಕ್ತಿ 120 ವ್ಯಾಟ್ ಅಂತ ಹಿಡಿದ್ರೆ ಅವ್ನ ವೇಗ ಗಂಟೆಗೆ 7 ಕಿ.ಮೀ. ಚಿಲ್ಲರೆ. ಅಂದ್ರೆ ನಿಮಿಷಕ್ಕೆ 120 ಮೀಟರ್. ಈ ವೇಗನ ಗೇರ್ ಬದಲಾಯಿಸೋದಿಲ್ಲ, ಅದು ನಿಮ್ಮ ಎದೆ ಮತ್ತೆ ಭೂಮಿಯ ನಡುವಿನ ವ್ಯವಹಾರ. ಗೇರ್ ಮಾಡೋದು ಇಷ್ಟೇ: ಆ 120 ಮೀಟರನ್ನ ಎಷ್ಟು ಸುತ್ತಲ್ಲಿ ತುಳಿಯೋದು ಅಂತ. 1.76 ಮೀಟರಿನ ಗೇರಲ್ಲಿ ನಿಮಿಷಕ್ಕೆ 68 ಸುತ್ತು, ಆರಾಮ. 34ಕ್ಕೆ 28, ಅಂದ್ರೆ ಮುಂದೆ 34 ಹಿಂದೆ 28 ಹಲ್ಲು ಇರೋ ರೋಡ್ ಬೈಕಲ್ಲಿ (ಸಣ್ಣ ಟೈರಿನ, ಬಾಗಿದ ಹ್ಯಾಂಡಲ್ಲಿನ ಸೈಕಲ್) 46 ಸುತ್ತು, ಮೊಣಕಾಲು ಮಾತಾಡೋಕೆ ಶುರು ಮಾಡ್ತದೆ. 44ಕ್ಕೆ 18 ಇರೋ ಗೇರಿಲ್ಲದ ದೊಡ್ಡ ಸೈಕಲ್ಲಲ್ಲಿ 22 ಸುತ್ತು, ಅಂದ್ರೆ ಪ್ರತಿ ಸುತ್ತಿಗೂ ನಿಂತು ಮೈಭಾರ ಪೂರ್ತಿ ಹಾಕಿ ಒತ್ತೋದು, ಹಂಗೆ ಹತ್ತೋರು ಇದಾರೆ, ಅವ್ರಿಗೆ ದೊಡ್ಡ ನಮಸ್ಕಾರ.

ತಿರುವಿನ ಒಳಬದಿಯಲ್ಲಿ 10 ಪರ್ಸೆಂಟ್ ಬಂತು ಅಂದ್ರೆ ಅದೇ 120 ವ್ಯಾಟಿಗೆ ವೇಗ 4.5 ಕಿ.ಮೀ.ಗೆ ಇಳೀತದೆ, ಆಗ 1.76 ಕೂಡ 43 ಸುತ್ತಿಗೆ ಬರ್ತದೆ. ಅದಕ್ಕೇ ಇನ್ನೂ ಒಂದು ಸಣ್ಣ ಗೇರ್ ಕೈಲಿರ್ಲಿ ಅನ್ನೋದು. ಹೊರಬದಿ ಹಿಡಿದು ತಿರುಗಿಸಿದ್ರೆ ಏರು ಕಡ್ಮೆ ಆಗ್ತದೆ, ಆದ್ರೆ ಮೇಲಿಂದ ಬರೋ ಬಸ್ಸು ಕಾಣೋ ಜಾಗದಲ್ಲಿ ಮಾತ್ರ ಆ ಧೈರ್ಯ ಮಾಡಿ.

ಅರಬೈಲ್, ಅಣಶಿ, ಗೇರುಸೊಪ್ಪ ಘಟ್ಟಗಳಿಗೂ ಇದೇ ಲೆಕ್ಕನಾ?

ಇದೇ ಲೆಕ್ಕ. ಅರಬೈಲಲ್ಲಿ ಗೇರಿಗಿಂತ ದೊಡ್ಡ ವಿಷ್ಯ ಹುಬ್ಬಳ್ಳಿ ಲಾರಿಗಳು, ಬೆಳಕು ಹರಿಯೋ ಹೊತ್ತಿಗೆ ಬುಡದಲ್ಲಿರಿ. ಅಣಶಿ ಕಡೆ ಕಾಡು ಜಾಸ್ತಿ ಅಂಗಡಿ ಕಡ್ಮೆ, ನೀರು ಹೆಚ್ಚು ಹೊರ್ಬೇಕು, ನೀರೂ ಭಾರನೇ.

ಗೇರ್ ಇಲ್ಲದ ಸೈಕಲ್ ಇದೆ, ಹೊಸದು ತಗೊಳ್ಳೋಕೆ ದುಡ್ಡಿಲ್ಲ. ಏನಾದ್ರೂ ಮಾಡಬಹುದಾ?

ಮಾಡಬಹುದು, ಮತ್ತೆ ಇದು ಈ ಪಟ್ಟಿಯಲ್ಲೇ ಅತಿ ಸಸ್ತಾ ಉಪಾಯ, ಆದ್ರೆ ಯಾರೂ ಹೇಳೋದಿಲ್ಲ. ಹಿಂದಿನ ಫ್ರೀವೀಲ್, ಅಂದ್ರೆ ಹಿಂದಿನ ಗಾಲಿಗೆ ಕೂತ ಹಲ್ಲಿನ ಚಕ್ರ, 18 ಹಲ್ಲಿಂದು ಇರ್ತದೆ, ಅದನ್ನ ತೆಗೆಸಿ 20 ಅಥ್ವಾ 22 ಹಲ್ಲಿಂದು ಹಾಕ್ಸಿ. 44ಕ್ಕೆ 18 ಅಂದ್ರೆ ಒಂದು ಸುತ್ತಿಗೆ 5.4 ಮೀಟರ್, 44ಕ್ಕೆ 22 ಅಂದ್ರೆ 4.4 ಮೀಟರ್. ಸುಮಾರು 18 ಪರ್ಸೆಂಟ್ ಹಗುರ. ನಿಮಿಷಕ್ಕೆ 60 ಸುತ್ತು ತುಳಿದ್ರೆ ಸಮತಟ್ಟಲ್ಲಿ ಗಂಟೆಗೆ 19 ಕಿ.ಮೀ. ಹೋಗ್ತಿದ್ದದ್ದು 16ಕ್ಕೆ ಇಳೀತದೆ, ಪೇಟೆಯೊಳಗೆ ಅದು ಯಾರಿಗೂ ಗೊತ್ತಾಗೋದಿಲ್ಲ, ಆದ್ರೆ ಏರಿನಲ್ಲಿ ಗೊತ್ತಾಗ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸ್ಬೇಕಾಗಬಹುದು, ಹಳೇ ಸೈಕಲ್ ಶಾಪಿನವ್ರಿಗೆ ಸಣ್ಣ ಕೆಲ್ಸ.

ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಡ್ತಿದ್ದ ಸೈಕಲ್ಲುಗಳು ಎಷ್ಟೋ ಮನೆ ಜಗಲಿ ಮೇಲೆ ಸುಮ್ನೆ ನಿಂತಿವೆ, ಮಲೆನಾಡಿನ ಏರಿಗೆ ಮಕ್ಕಳ ಕೈಲಾಗೋದಿಲ್ಲ ಅನ್ನೋದೇ ಕಾರಣ ತುಂಬಾ ಕಡೆ. ಅವಕ್ಕೂ ಇದೇ ಮದ್ದು. ಘಟ್ಟ ಹತ್ತೋಕೆ ಆಗೋದಿಲ್ಲ, ಆದ್ರೆ ಶಾಲೆಯ ಏರು ಇಳಿಯದೇ ದಾಟಬಹುದು.

ಕಾರವಾರ ಪೇಟೆಯೊಳಗೆ ಮಾತ್ರ ಓಡಿಸೋದು. ಗೇರ್ ಬೇಕಾ?

ಕೋಡಿಬಾಗದಿಂದ ಬಸ್‌ಸ್ಟ್ಯಾಂಡ್, ಬೀಚ್ ರಸ್ತೆ, ಬೈತಖೋಲ, ಇಷ್ಟಕ್ಕೆ ಗೇರ್ ಬೇಕಾಗಿಲ್ಲ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ತನಕನೂ ನಡೀತದೆ. ಬಿಣಗಾ ಏರು ದಾಟಿ ಅಮದಳ್ಳಿ, ಅಂಕೋಲಾ ಕಡೆ ಹೋಗೋದಿದ್ರೆ ಮಾತ್ರ ಬೇಕು, ಅಲ್ಲಿ ಸಹ್ಯಾದ್ರಿ ಸಮುದ್ರಕ್ಕೇ ಬಂದು ನಿಂತಿದೆ.

ಕರಾವಳಿಯವ್ರು ಮರೆಯೋ ಇನ್ನೊಂದು ಏರು ಗಾಳಿ. ಬೇಸಿಗೆ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಶುರುವಾದ್ರೆ ಕುಮಟಾದಿಂದ ಕಾರವಾರದ ಕಡೆ ಎನ್‌ಎಚ್ 66ರಲ್ಲಿ ಬರೋರಿಗೆ ಮುಖಕ್ಕೇ ಹೊಡೀತದೆ. ಸಮತಟ್ಟು ರಸ್ತೆಯಲ್ಲಿ ಒಂದೆರಡು ಗೇರ್ ಇಳಿಸಿ ತುಳಿಯೋದ್ರಲ್ಲಿ ಏನೂ ಅವಮಾನ ಇಲ್ಲ. ಇದಕ್ಕೆ ಬೇಕಾಗೋದು ತೀರಾ ಸಣ್ಣ ಗೇರ್ ಅಲ್ಲ, ನಡುವಿನ ಗೇರುಗಳು ಹತ್ರ ಹತ್ರ ಇರೋದು, ಅಂದ್ರೆ 16, 18, 20 ಹಂಗೆ ಎರಡೆರಡು ಹಲ್ಲಿನ ವ್ಯತ್ಯಾಸ. ಗೋಕರ್ಣದವ್ರೇ, ನಿಮ್ಮದು ಬೇರೆ ಕಥೆ, ಓಂ ಬೀಚಿಗೆ ಹೋಗೋ ಗುಡ್ಡ ಹತ್ತೋಕೆ ಘಟ್ಟದ ಗೇರೇ ಬೇಕು.

ಶಿರಸಿ ಸುತ್ತಮುತ್ತ ದೊಡ್ಡ ಘಟ್ಟ ಇಲ್ವಲ್ಲ, ಅಲ್ಲಿ ಯಾಕೆ ಇಷ್ಟು ಸುಸ್ತು?

ಬನವಾಸಿ ರಸ್ತೆ ಬಿಟ್ರೆ ಅಲ್ಲಿ ಸಮ ಅನ್ನೋದು ಕಡ್ಮೆ. ಹುಲೇಕಲ್ ರಸ್ತೆ, ಸೋಂದಾ, ಸಹಸ್ರಲಿಂಗದ ಕಡೆ ಹೋಗಿ ನೋಡಿ, ಹಳ್ಳಕ್ಕೆ ಇಳಿಯೋದು, ಮತ್ತೆ ಹತ್ತೋದು, ಹತ್ತಿದ ತಕ್ಷಣ ಮತ್ತೆ ಇಳಿಯೋದು. ತೋಟ ಕಣಿವೆಯಲ್ಲಿ, ರಸ್ತೆ ಮೇಲೆ, ಹಂಗಾಗಿ ಮನೆಯಿಂದ ಟಾರ್ ರಸ್ತೆಗೆ ಬರೋ ಆ ಚೂರು ಮಣ್ಣಿನ ಏರೇ ದಿನದ ಅತಿ ಕಷ್ಟದ ಜಾಗ, ಮೈ ಬಿಸಿಯಾಗೋ ಮುಂಚೆನೇ. ಇಂಥ ಕಡೆ ಗೇರ್ ಪದೇ ಪದೇ ಬದಲಾಯಿಸ್ಬೇಕಾಗ್ತದೆ, ಮುಂದೆ ಪೆಡಲ್ ಹತ್ರ ಒಂದೇ ಚಕ್ರ ಇರೋ ಸೈಕಲ್ಲು ಇಲ್ಲಿ ಮಜಾ ಕೊಡ್ತದೆ. ಎಡಗೈಗೆ ಕೆಲ್ಸನೇ ಇಲ್ಲ, ಬಲಗೈಲಿ ಟಕ್ ಟಕ್ ಅಂತ ಮೇಲೆ ಕೆಳಗೆ.

ಮುಂದೆ ಒಂದೇ ಚಕ್ರನಾ? ಅದ್ರಲ್ಲಿ ಸ್ಪೀಡ್ ಸಿಗ್ತದಾ?

ಮುಂದೆ 32, ಹಿಂದೆ 11ರಿಂದ 42 ಇದ್ರೆ ಅತಿ ಸಣ್ಣದು 0.76, ಅತಿ ದೊಡ್ಡದು 2.9. ನಿಮಿಷಕ್ಕೆ 80 ಸುತ್ತು ತುಳಿದ್ರೆ ಗಂಟೆಗೆ 30 ಕಿ.ಮೀ. ಬರ್ತದೆ. ಇಳುಕಲಲ್ಲಿ ಅದಕ್ಕಿಂತ ಜೋರಾಗಿ ತುಳಿಯೋ ಅಗತ್ಯ ಯಾರಿಗೂ ಇಲ್ಲ, ಭೂಮಿನೇ ಎಳ್ಕೊಳ್ತದೆ. ತೊಂದ್ರೆ ಎಲ್ಲಿ ಅಂದ್ರೆ ಬೆಲೆ, ಮತ್ತೆ ಆ ದೊಡ್ಡ ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು) ಸವೆದಾಗ ಊರಲ್ಲಿ ಸಿಗದೇ ಹುಬ್ಬಳ್ಳಿಯಿಂದಲೋ ಆನ್‌ಲೈನಲ್ಲೋ ತರಿಸ್ಬೇಕಾಗೋದು. ಇದೊಂದು ವಿಷ್ಯ ಯೋಚ್ನೆ ಮಾಡಿ: ನಾಳೆ ಮುರಿದ್ರೆ ಊರಲ್ಲಿ ಯಾರ ಹತ್ರ ಸಿಗ್ತದೆ? 7 ಸ್ಪೀಡಿನ ಫ್ರೀವೀಲ್, ಅದ್ರ ಚೈನ್ ಚಿಕ್ಕ ಪೇಟೆಯಲ್ಲೂ ಹುಡುಕಿದ್ರೆ ಸಿಗೋ ಸಾಮಾನು.

ಇರೋ 21 ಗೇರಿನ ಸೈಕಲ್ಲಿಗೆ ಇನ್ನೂ ಸಣ್ಣ ಗೇರ್ ಹಾಕಬಹುದಾ?

14-28ರ ಬದ್ಲು 14-34ರ 7 ಸ್ಪೀಡ್ ಫ್ರೀವೀಲ್ ಹಾಕ್ಸಿ, 24 ಭಾಗಿಸು 34 ಅಂದ್ರೆ 0.71, ಒಂದು ಸುತ್ತಿಗೆ 1.45 ಮೀಟರ್. ಅದ್ರಲ್ಲಿ 24 ಹಲ್ಲಿಂದ ಒಂದೇ ಸಲ 34ಕ್ಕೆ ಜಿಗೀತದೆ, ಅದು ತುರ್ತು ಗೇರ್ ಅಂತನೇ ಇಟ್ಕೊಳ್ಳಿ. ಹಾಕ್ಸೋ ಮುಂಚೆ ಹಿಂದಿನ ಡಿರೇಲರ್, ಅಂದ್ರೆ ಚೈನನ್ನ ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸೋ ಸಾಧನ, 34 ಹಲ್ಲು ತಗೊಳ್ತದಾ ನೋಡ್ಬೇಕು, ಮತ್ತೆ ಅದು ಎಷ್ಟು ಸಡಿಲ ಚೈನ್ ಎಳ್ಕೊಳ್ತದೆ ಅನ್ನೋದೂ ಮುಖ್ಯ. ಲೆಕ್ಕ ಹೀಗೆ: ಮುಂದಿನ ದೊಡ್ಡದು ಕಳೆ ಸಣ್ಣದು, 42 ಕಳೆ 24 ಅಂದ್ರೆ 18, ಹಿಂದೆ 34 ಕಳೆ 14 ಅಂದ್ರೆ 20, ಒಟ್ಟು 38. ಡಿರೇಲರಿನ ಸಾಮರ್ಥ್ಯ ಕಡೇಪಕ್ಷ ಅಷ್ಟಾದ್ರೂ ಇರ್ಬೇಕು, ಉದ್ದ ಕಾಲಿನ ಡಿರೇಲರ್ ಇದ್ರೆ ಸಾಮಾನ್ಯವಾಗಿ ಇರ್ತದೆ. ಚೈನೂ ಉದ್ದ ಮಾಡ್ಬೇಕು. ಹಳೇ ಚೈನನ್ನೇ ಬಿಟ್ಟು ದೊಡ್ಡಕ್ಕೆ ದೊಡ್ಡ ಹಾಕಿದ್ರೆ ಡಿರೇಲರ್ ಕಿತ್ಕೊಂಡು ಬರ್ತದೆ, ತಮಾಷೆಗೆ ಹೇಳ್ತಿಲ್ಲ.

ರೋಡ್ ಬೈಕ್ ತಗೊಂಡು ಘಟ್ಟ ಹತ್ತಬಹುದಾ?

ಹತ್ತಬಹುದು. ಕಾಂಪ್ಯಾಕ್ಟ್ ಅಂತಾರಲ್ಲ, ಮುಂದೆ 50 ಮತ್ತೆ 34, ಅದಕ್ಕೆ ಹಿಂದೆ 32 ಅಥ್ವಾ 34 ಹಲ್ಲು ಇರೋದೇ ತಗೊಳ್ಳಿ, 28ಕ್ಕೆ ಒಪ್ಪಬೇಡಿ. ಗ್ರಾವೆಲ್ ಸೈಕಲ್ಲಿನಲ್ಲಿ (ಮಣ್ಣು-ಜಲ್ಲಿ ರಸ್ತೆಗೂ ಆಗೋ ರೋಡ್ ಬೈಕ್) 46 ಮತ್ತೆ 30 ಬರ್ತದೆ, ಹಿಂದೆ 34 ಇದ್ರೆ 0.88, ನಮ್ಮ ಜಿಲ್ಲೆಗೆ ಹೇಳಿ ಮಾಡ್ಸಿದ ಹಂಗೆ.

ಸಣ್ಣ ಗೇರ್ ಅಂದ್ರೆ ಕೈಲಾಗದವ್ರಿಗೆ, ದೊಡ್ಡ ಗೇರಲ್ಲಿ ಹತ್ತಿದ್ರೇನೇ ಗಂಡಸು ಅಂತಾರೆ?

ಟೂರ್ ಡಿ ಫ್ರಾನ್ಸ್ ರೇಸಿನಲ್ಲೂ ಹೀಗೇ ಒಂದು ವಾದ ಇತ್ತು, ವೃತ್ತಿಪರ ಸವಾರರಿಗೆ ಡಿರೇಲರ್ ಬಳಸೋಕೆ ಬಿಟ್ಟದ್ದು 1937ರಲ್ಲಿ. ಅಲ್ಲಿವರೆಗೆ ಆಲ್ಪ್ಸ್ ಬೆಟ್ಟದ ಬುಡದಲ್ಲಿ ಇಳಿದು ಹಿಂದಿನ ಗಾಲಿನೇ ತಿರುಗಿಸಿ ಹಾಕ್ಕೊಳ್ತಿದ್ರು, ಒಂದೊಂದು ಬದಿಗೆ ಒಂದೊಂದು ಅಳತೆಯ ಹಲ್ಲಿನ ಚಕ್ರ. ಈಗ ಅದೇ ರೇಸಿನವ್ರು ಕಡಿದಾದ ಏರಿಗೆ 34 ಹಲ್ಲಿನ ಕ್ಯಾಸೆಟ್ ಹಾಕ್ಕೊಂಡು ಹೋಗ್ತಾರೆ. ನಮ್ಮೂರ ಪೆಟ್ಟಿಗೆ ಅಂಗಡಿ ಮುಂದೆ ಕೂತು ಹೇಳೋರು ಸೈಕಲ್ ಹತ್ತಿ ತೋರ್ಸಿದ್ಮೇಲೆ ಮಾತಾಡೋಣ.

ಕ್ಯಾರಿಯರ್ ಮೇಲೆ ಭಾರ ಹಾಕಿದ್ರೆ?

20 ಕೆ.ಜಿ. ಸಾಮಾನು ಹಾಕಿದ್ರಿ ಅಂದ್ರೆ 90 ಇದ್ದದ್ದು 110 ಆಯ್ತು, ಏರಿನಲ್ಲಿ ಐದರಲ್ಲೊಂದು ಪಾಲಿಗಿಂತ ಜಾಸ್ತಿ ಹೆಚ್ಚುವರಿ ಬಲ ಬೇಕು. ಖಾಲಿ ಇದ್ದಾಗ 1.0 ಸಾಕಾಗ್ತಿತ್ತು ಅಂದ್ರೆ ಈಗ 0.8ರ ಹತ್ರ ಬೇಕು. ಹಾಲಿನ ಕ್ಯಾನು, ಅಡಿಕೆ ಚೀಲ ಹೊರೋರು ಇದನ್ನ ಲೆಕ್ಕಕ್ಕೆ ತಗೊಂಡೇ ಸೈಕಲ್ ಆರಿಸಿ. ಹಾಗಂತ ತೀರಾ ಸಣ್ಣಕ್ಕೂ ಅರ್ಥ ಇಲ್ಲ, ಒಂದು ಸುತ್ತಿಗೆ 1.1 ಮೀಟರಿಗಿಂತ ಕೆಳಗೆ ಹೋದ್ರೆ ಇಳಿದು ತಳ್ಳೋನೂ ನೀವೂ ಒಂದೇ ವೇಗ.

ಏರಿನ ಮಧ್ಯ ಗೇರ್ ಹಾಕೋಕೆ ಹೋದ್ರೆ ಕರಕರ ಅಂದು ಚೈನ್ ಬೀಳ್ತದೆ, ಯಾಕೆ?

ಜೋರಾಗಿ ಒತ್ತುತ್ತಾ ಗೇರ್ ಹಾಕ್ತೀರಿ, ಅದಕ್ಕೆ. ಚೈನ್ ಮೇಲೆ ಭಾರ ಇರೋವಾಗ ಅದು ಪಕ್ಕದ ಚಕ್ರಕ್ಕೆ ಹತ್ತೋದಿಲ್ಲ. ಏರು ಕಂಡ ಕೂಡ್ಲೇ, ಕಾಲು ಇನ್ನೂ ಹಗುರ ಇದ್ದಾಗ್ಲೇ ಮುಂದಿನದನ್ನ ಸಣ್ಣಕ್ಕೆ ಇಳಿಸ್ಬಿಡಿ, ಆಮೇಲೆ ಹಿಂದೆ ಒಂದೊಂದೇ. ಸಿಕ್ಕಿಬಿದ್ರೆ ಒಂದೆರಡು ಸುತ್ತು ಜೋರಾಗಿ ತುಳಿದು ಸ್ವಲ್ಪ ವೇಗ ತಗೊಂಡು, ಅರ್ಧ ಸುತ್ತು ಹಗುರ ಬಿಟ್ಟು ಆಗ ಹಾಕಿ. ಮುಂದೆ ಸಣ್ಣ ಹಿಂದೆ ಸಣ್ಣ, ಮುಂದೆ ದೊಡ್ಡ ಹಿಂದೆ ದೊಡ್ಡ, ಈ ಎರಡು ಜೋಡಿ ಬೇಡ, ಚೈನ್ ಅಡ್ಡ ಎಳೆದು ಬೇಗ ಸವೀತದೆ.

ಗಾಲಿಯ ಒಳಗೇ ಗೇರ್ ಇರೋದು ಮಳೆಗಾಲಕ್ಕೆ ಒಳ್ಳೇದಂತೆ?

ಮಳೆಗೆ ಒಳ್ಳೇದು ನಿಜ, ಗೇರೆಲ್ಲ ಹಬ್ಬಿನೊಳಗೆ, ಅಂದ್ರೆ ಗಾಲಿಯ ನಟ್ಟನಡುವಿನ ಗುಂಬದೊಳಗೆ, ಮುಚ್ಚಿರ್ತದೆ, ಕೆಸರು ತಾಗೋದಿಲ್ಲ. ಆದ್ರೆ ಸ್ಟರ್ಮಿ ಆರ್ಚರ್ ಕಂಪನಿಯ ತರದ ಮೂರು ಗೇರಿನ ಹಬ್ಬಲ್ಲಿ ಅತಿ ಸಣ್ಣದು ನಡುವಿನ ನೇರ ಗೇರಿನ ಮುಕ್ಕಾಲು ಪಾಲು ಅಷ್ಟೇ. ಕಾರವಾರಕ್ಕೆ ಚೆಂದ, ದೇವಿಮನೆಗೆ ಸಾಲೋದಿಲ್ಲ. ಎಂಟು ಗೇರಿನವು ಸಾಲ್ತವೆ, ರಿಪೇರಿ ಮಾಡೋರನ್ನ ಮೊದ್ಲು ಹುಡ್ಕಿಟ್ಕೊಳ್ಳಿ.

ಬ್ಯಾಟರಿ ಸೈಕಲ್ ತಗೊಂಡ್ರೆ ಗೇರ್ ತಲೆನೋವೇ ಇಲ್ಲ ಅಲ್ವಾ?

ಅರ್ಧ ನಿಜ. 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ದಾಟದ ಸೈಕಲ್ಲಿಗೆ ರಿಜಿಸ್ಟ್ರೇಶನ್ ಬೇಡ, ಹೆಚ್ಚಿನವು ಅಂಥವೇ. ಅವುಗಳಲ್ಲಿ ಮೋಟರ್ ಹಿಂದಿನ ಹಬ್ಬಲ್ಲಿದ್ರೆ ಅದಕ್ಕೆ ನಿಮ್ಮ ಗೇರಿನ ಉಪಯೋಗ ಸಿಗೋದಿಲ್ಲ, ಘಟ್ಟದಲ್ಲಿ 7 ಕಿ.ಮೀ. ವೇಗಕ್ಕೆ ಇಳಿದ್ರೆ ಮೋಟರ್ ನಿಧಾನ ತಿರುಗ್ತಾ ಕರೆಂಟೆಲ್ಲ ಬಿಸಿಯಾಗಿ ಹೋಗ್ತದೆ. ಆಗ ನೀವು ಸಣ್ಣ ಗೇರಲ್ಲಿ ತುಳಿದು ಸಹಾಯ ಮಾಡ್ಬೇಕು, ಗೇರಿಲ್ಲದ ಬ್ಯಾಟರಿ ಸೈಕಲ್ಲಲ್ಲಿ ಅದೂ ಆಗೋದಿಲ್ಲ. ಪೆಡಲ್ ಹತ್ರನೇ ಮೋಟರ್ ಇರೋದಾದ್ರೆ ಅದೂ ಚೈನ್ ಮೂಲಕನೇ ಎಳೀತದೆ, ಗೇರ್ ಇಳಿಸಿದ್ರೆ ಮೋಟರಿಗೂ ಹಗುರ. ಅದೇ ಸರಿಯಾದ್ದು, ದುಬಾರಿ.

ಮಳೆ, ಉಪ್ಪುಗಾಳಿಗೆ ಗೇರ್ ಎಷ್ಟು ದಿನ ಬಾಳ್ತದೆ?

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಕರಾವಳಿ ಇದು, ಅದ್ರ ಮೇಲೆ ಉಪ್ಪು. ಮಳೆಯಲ್ಲಿ ಓಡ್ಸಿದ್ರೆ ಮನೆಗೆ ಬಂದು ಸಿಹಿನೀರಲ್ಲಿ ಕೆಂಪು ಕೆಸರು ತೊಳೆದು, ಬಟ್ಟೆಲಿ ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಮೇಲಿನ ಎಣ್ಣೆ ಮತ್ತೆ ಒರೆಸ್ಬೇಕು. ಒರೆಸೋದನ್ನೇ ಎಲ್ಲರೂ ಬಿಡ್ತಾರೆ, ಅದೇ ಎಣ್ಣೆಗೆ ಮರಳು ಅಂಟಿ ಹಲ್ಲು ತಿಂದು ಹಾಕ್ತದೆ. ತೆಂಗಿನೆಣ್ಣೆ ಬೇಡ, ಅಡುಗೆಮನೆಲೇ ಇರ್ಲಿ. ಚೈನ್ ಸವೆದದ್ದು ನೋಡೋಕೆ ಸ್ಟೀಲ್ ಪಟ್ಟಿ ಸಾಕು: ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು, ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಉದ್ದ ಆಗಿದ್ರೆ ಬದಲಾಯಿಸಿ, ಇಲ್ದಿದ್ರೆ ಫ್ರೀವೀಲೂ ಹಾಳಾಗಿ ಎರಡರ ದುಡ್ಡು ಕೊಡ್ಬೇಕಾಗ್ತದೆ.

ಹತ್ತೋದು ಆಗೋದಿಲ್ಲ, ಸೈಕಲ್ ಬಸ್ಸಿಗೆ ಹಾಕ್ಕೊಂಡು ಶಿರಸಿಗೆ ಹೋಗಿ ಅಲ್ಲಿಂದ ಇಳೀತೇನೆ. ಸರಿನಾ?

ಧಾರಾಳವಾಗಿ. ಬಸ್ಸಿನ ಮೇಲೆ ಹಾಕೋ ಮುಂಚೆ ಹಿಂದಿನ ಗೇರನ್ನ ಅತಿ ದೊಡ್ಡ ಚಕ್ರಕ್ಕೆ ಹಾಕಿ, ಆಗ ಡಿರೇಲರ್ ಒಳಗೆ ಸರ್ಕೊಂಡು ಕೂತ್ಕೊಳ್ತದೆ. ಮಲಗಿಸೋದಾದ್ರೆ ಚೈನ್ ಇರೋ ಬದಿ ಮೇಲೆ ಬರ್ಲಿ. ಡಿರೇಲರ್ ಹಿಡಿದಿರೋ ಆ ಸಣ್ಣ ಕೊಂಡಿ ಚೂರು ಬಾಗಿದ್ರೂ ಸಣ್ಣ ಗೇರ್ ಹಾಕೋ ಹೊತ್ತಿಗೆ ಡಿರೇಲರ್ ಚಕ್ರದ ಕಡ್ಡಿಗೆ ಸಿಕ್ಕಿ ಎಲ್ಲ ಮುರೀತದೆ. ಇಳಿಯೋವಾಗ ಬ್ರೇಕ್ ಒಂದೇ ಸಮ ಹಿಡ್ಕೊಂಡೇ ಇರ್ಬೇಡಿ, ರಿಮ್ ಬಿಸಿಯಾಗ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿ ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡೀರಿ. ರಬ್ಬರ್ ಬ್ರೇಕಿನವ್ರು ಒದ್ದೆ ರಸ್ತೆಯಲ್ಲಿ ಅದಕ್ಕೂ ಇನ್ನೂ ಸ್ವಲ್ಪ ಮುಂಚೆನೇ ಹಿಡೀಬೇಕು, ಮೊದಲ ಒಂದೆರಡು ಸುತ್ತು ರಿಮ್ಮಿನ ನೀರು ಒರೆಸೋದಕ್ಕೇ ಹೋಗ್ತದೆ.